ಬೈಪಾಸ್ ಆಯಿತು, ಮುಂದೇನು? ಕಾಲಿನ ರಕ್ತನಾಳ ಹೃದಯದಲ್ಲಿ ಸೋಲುವುದೇಕೆ

ಹಿರಿಯಡ್ಕ: 2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದರಂತೆ ಬಂದ ಹೃದಯಾಘಾತದ ಸಾವಿನ ಸುದ್ದಿಗಳು ಇಡೀ ರಾಜ್ಯವನ್ನು ಕಂಗೆಡಿಸಿದವು. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ಸರ್ಕಾರ ತಜ್ಞರ ಸಮಿತಿಯನ್ನು ನೇಮಿಸಿತು. ಸಾವಿನ ಪ್ರಮಾಣದಲ್ಲಿ ಅಸಹಜ ಏರಿಕೆಯೇನೂ ಆಗಿಲ್ಲವೆಂದು ಸಮಿತಿ ವರದಿ ನೀಡಿತು. ಈ ಗದ್ದಲದ ನಡುವೆ ಎಲ್ಲೆಡೆ ನಡೆದ ಚರ್ಚೆಯ ಕೇಂದ್ರಬಿಂದು ಒಂದೇ: ಎದೆನೋವು ಕಾಣಿಸಿಕೊಂಡ ಮೊದಲ ಗಂಟೆ. ತಾಲೂಕು ಆಸ್ಪತ್ರೆಗಳಲ್ಲಿಯೇ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ, 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಮೇಲೂ ಜನರ ಗಮನ ಹರಿಯಿತು.

ಇದೆಲ್ಲವೂ ಸ್ವಾಗತಾರ್ಹವೇ. ಆದರೆ ಆ ಚರ್ಚೆಯಲ್ಲಿ ಒಂದು ವರ್ಗದ ಜನರು ಸಂಪೂರ್ಣ ಮರೆತುಹೋದರು. ಅವರು ಈಗಾಗಲೇ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಊರಿನ ಲೆಕ್ಕದಲ್ಲಿ ಅವರು ‘ಗುಣವಾದವರು’. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಹಾಗಲ್ಲ.

ಮಣಿಪಾಲದಿಂದ ಪರ್ಕಳ, ಆತ್ರಾಡಿ ದಾಟಿ ಬಂದರೆ ಸಿಗುವ ಹಿರಿಯಡ್ಕದ ಮಟ್ಟಿಗೆ ದೊಡ್ಡ ಆಸ್ಪತ್ರೆ ದೂರದ ಮಾತಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಅದರ ಆಸ್ಪತ್ರೆ, ಇತ್ತ ಉಡುಪಿಯ ಆಸ್ಪತ್ರೆಗಳು ಎಲ್ಲವೂ ಬಸ್ಸಿನ ಹಾದಿಯಲ್ಲೇ ಇವೆ. ಬೊಮ್ಮರಬೆಟ್ಟು, ಅಂಜಾರು, ಪೆರ್ಡೂರು, ಬೈಲೂರುಗಳ ಹೃದ್ರೋಗಿಗೆ ಆಸ್ಪತ್ರೆ ತಲುಪುವ ವಿಷಯದಲ್ಲಿ ಇರುವ ಅನುಕೂಲ ಬೀದರಿನ ಅಥವಾ ಪಾವಗಡದ ಹಳ್ಳಿಯವನಿಗೆ ಇಲ್ಲ. ಆದ್ದರಿಂದಲೇ ಈ ಭಾಗದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಶಸ್ತ್ರಚಿಕಿತ್ಸೆ ಕೈಗೆಟುಕಿದ ಮೇಲೂ ಅದು ಏಕೆ ಸೋಲುತ್ತದೆ ಎಂಬುದೇ ಆ ಪ್ರಶ್ನೆ.

ಎರಡು ಗಾಯದ ಗುರುತು

ಬೈಪಾಸ್ ಆದವರ ಮೈಮೇಲೆ ಸಾಮಾನ್ಯವಾಗಿ ಎರಡು ಗುರುತುಗಳಿರುತ್ತವೆ. ಎದೆಯ ನಡುವಿನ ಉದ್ದ ಗೆರೆ ಎಲ್ಲರಿಗೂ ಗೊತ್ತು. ಇನ್ನೊಂದು ಕಾಲಿನ ಒಳಬದಿಯಲ್ಲಿ, ಹರಡಿನಿಂದ ಮೊಣಕಾಲಿನವರೆಗೆ, ಕೆಲವರಲ್ಲಿ ತೊಡೆಯವರೆಗೆ. ‘ಕಾಲಿನ ನರ ತೆಗೆದು ಹಾರ್ಟಿಗೆ ಹಾಕಿದ್ದಾರೆ’ ಎಂದು ಜನ ಹೇಳುವುದು ಇದನ್ನೇ. ಅದು ನರವಲ್ಲ, ಅಭಿಧಮನಿ. ಅಂದರೆ ದೇಹದ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ. ಹೃದಯದ ಸ್ನಾಯುವಿಗೆ ರಕ್ತ ಉಣಿಸುವ ಪರಿಧಮನಿಯಲ್ಲಿ ಕೊಬ್ಬು ಕಟ್ಟಿ ದಾರಿ ಮುಚ್ಚಿದಾಗ, ಶಸ್ತ್ರವೈದ್ಯರು ಈ ನಾಳದ ಒಂದು ತುದಿಯನ್ನು ಮಹಾಪಧಮನಿಗೂ ಇನ್ನೊಂದು ತುದಿಯನ್ನು ಅಡಚಣೆಯ ಆಚೆಗೂ ಹೊಲಿದು ಹೊಸ ಹಾದಿ ಮಾಡಿಕೊಡುತ್ತಾರೆ. ಮಾವಿನ ಗಿಡಕ್ಕೆ ಕಟ್ಟುವ ಕಸಿಯಂತೆ ಇದೂ ಒಂದು ಕಸಿ. ಹಳೆಯ ಅಡಚಣೆ ಇದ್ದಲ್ಲಿಯೇ ಇರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಈ ಕಸಿನಾಳಗಳ ಆಯುಷ್ಯದ ಅಂಕಿಅಂಶಗಳು ಸಮಾಧಾನ ತರುವಂಥವಲ್ಲ. ಕಾಲಿನಿಂದ ತೆಗೆದ ನಾಳಗಳ ಪೈಕಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಮೊದಲ ವರ್ಷದೊಳಗೇ ಮುಚ್ಚಿಕೊಳ್ಳುತ್ತವೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮುಚ್ಚಿರುತ್ತವೆ ಅಥವಾ ಕೆಲಸಕ್ಕೆ ಬಾರದಷ್ಟು ಕಿರಿದಾಗಿರುತ್ತವೆ ಎಂಬುದು ಹಲವು ದಶಕಗಳ ಅಧ್ಯಯನಗಳಿಂದ ಹೊರಬಿದ್ದ ಅಂದಾಜು. ಇದಕ್ಕೆ ತದ್ವಿರುದ್ಧವಾಗಿ, ಎದೆಗೂಡಿನ ಒಳಗೋಡೆಯಿಂದ ಇಳಿಸಿ ಜೋಡಿಸುವ ಅಪಧಮನಿ ಹತ್ತು ವರ್ಷಗಳ ನಂತರವೂ ಹತ್ತರಲ್ಲಿ ಒಂಬತ್ತು ರೋಗಿಗಳಲ್ಲಿ ತೆರೆದೇ ಇರುತ್ತದೆ. ಒಂದೇ ಹೃದಯ, ಒಂದೇ ರಕ್ತ, ಒಂದೇ ದಿನ ಮಾಡಿದ ಹೊಲಿಗೆ. ಆದರೂ ಇಷ್ಟು ಅಂತರ.

ಅಧಿಕಾರದ ತುತ್ತತುದಿಯಲ್ಲಿದ್ದವರಿಗೂ ಬೈಪಾಸ್ ಎಂಬುದು ಕೊನೆಯ ಚಿಕಿತ್ಸೆಯಾಗಿರಲಿಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರಿಗೆ 2004ರ ಸೆಪ್ಟೆಂಬರಿನಲ್ಲಿ ಬೈಪಾಸ್ ಆಯಿತು. 2010ರ ಫೆಬ್ರವರಿಯಲ್ಲಿ, ಅಂದರೆ ಐದೂವರೆ ವರ್ಷಗಳಲ್ಲಿ, ಕಸಿನಾಳಗಳ ಪೈಕಿ ಒಂದು ಪೂರ್ತಿ ಮುಚ್ಚಿಹೋಗಿರುವುದು ಪತ್ತೆಯಾಯಿತು. ವೈದ್ಯರು ಆ ನಾಳದ ಗೊಡವೆಗೆ ಹೋಗದೆ ಮೂಲ ಪರಿಧಮನಿಯನ್ನೇ ತೆರೆದು ಎರಡು ಸ್ಟೆಂಟ್ ಅಳವಡಿಸಿದರು. ಭಾರತದ ಪ್ರಧಾನಿಯಾಗಿದ್ದ ಡಾ. ಮನಮೋಹನ್ ಸಿಂಗ್ ಅವರಿಗೆ 1990ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಬೈಪಾಸ್ ಆಗಿತ್ತು. 2009ರ ಜನವರಿ 24ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ರಮಾಕಾಂತ ಪಾಂಡಾ ನೇತೃತ್ವದ ತಂಡ ಅವರಿಗೆ ಮತ್ತೊಮ್ಮೆ ಬೈಪಾಸ್ ಮಾಡಿ ಐದು ಕಸಿಗಳನ್ನು ಜೋಡಿಸಿತು. ಅವರು ನಂತರ ಚುನಾವಣೆ ಎದುರಿಸಿದ ಸರ್ಕಾರವನ್ನು ಇನ್ನೈದು ವರ್ಷ ನಡೆಸಿ, 2024ರ ಡಿಸೆಂಬರಿನಲ್ಲಿ 92ನೇ ವಯಸ್ಸಿನಲ್ಲಿ ನಿಧನರಾದರು. ಬೈಪಾಸ್ ಎಂಬುದು ಅವಧಿಯುಳ್ಳ ಪರಿಹಾರ ಎಂಬುದಕ್ಕೂ, ಆ ಅವಧಿಯನ್ನು ಬಹಳ ದೂರ ಎಳೆಯಲು ಸಾಧ್ಯ ಎಂಬುದಕ್ಕೂ ಇವು ನಿದರ್ಶನ.

ಒತ್ತಡಕ್ಕೆ ಹುಟ್ಟದ ನಾಳ

ಅಪಧಮನಿಯನ್ನೂ ಅಭಿಧಮನಿಯನ್ನೂ ಪ್ರಕೃತಿ ಬೇರೆಬೇರೆ ಕೆಲಸಕ್ಕೆ ರೂಪಿಸಿದೆ. ಅಪಧಮನಿಯ ಗೋಡೆ ದಪ್ಪ, ಪುಟಿಯುವ ಗುಣವುಳ್ಳದ್ದು. ನಿಮಿಷಕ್ಕೆ ಎಪ್ಪತ್ತೆಂಬತ್ತು ಬಾರಿ 120ರ ಒತ್ತಡದ ಹೊಡೆತವನ್ನು ತಾಳಿಕೊಳ್ಳುವಂಥದ್ದು. ಅಭಿಧಮನಿಯ ಗೋಡೆ ತೆಳು. ಮಲಗಿದ ಮನುಷ್ಯನ ಕಾಲಿನ ಅಭಿಧಮನಿಯಲ್ಲಿ ಒತ್ತಡ 10ರ ಆಸುಪಾಸು ಮಾತ್ರ, ಅದೂ ಮಿಡಿತವಿಲ್ಲದ ನಿಧಾನ ಹರಿವು. ನಿಂತಾಗ ಪಾದದ ಬಳಿ ಒತ್ತಡ ಏರುತ್ತದೆ, ನಿಜ. ಆದರೆ ಅದು ನಿಂತ ನೀರಿನ ಭಾರವೇ ಹೊರತು ಬಡಿತವಲ್ಲ.

ಉಡುಪಿ ನಗರಕ್ಕೆ ಕುಡಿಯುವ ನೀರು ಹೋಗುವುದು ಹಿರಿಯಡ್ಕದ ಬಳಿಯ ಬಜೆ ಅಣೆಕಟ್ಟಿನಿಂದ. ಸ್ವರ್ಣಾ ನದಿಯ ನೀರನ್ನು ಪಂಪಿನ ಒತ್ತಡದಲ್ಲಿ ಸಾಗಿಸುವ ಆ ಮುಖ್ಯ ಕೊಳವೆಯ ಒಂದು ತುಂಡು ಒಡೆದಾಗ, ಅಡಕೆ ತೋಟದಲ್ಲಿ ಬುಡಕ್ಕೆ ನೀರು ಬಿಡುವ ಮೆದು ಪೈಪನ್ನು ಅಲ್ಲಿ ಜೋಡಿಸಿದರೆ ಏನಾಗಬಹುದೆಂದು ಊಹಿಸುವುದು ಇಲ್ಲಿನ ಯಾರಿಗೂ ಕಷ್ಟವಲ್ಲ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ, ಏಕೆಂದರೆ ರಬ್ಬರ್ ಪೈಪು ಒಡೆಯುತ್ತದೆ. ಜೀವಂತ ನಾಳ ಒಡೆಯುವುದಿಲ್ಲ, ತನ್ನನ್ನು ತಾನೇ ಬದಲಿಸಿಕೊಳ್ಳುತ್ತದೆ. ತೊಂದರೆ ಇರುವುದು ಆ ಬದಲಾವಣೆಯಲ್ಲಿಯೇ.

ತಜ್ಞರು ಕಸಿನಾಳದ ಸೋಲನ್ನು ಮೂರು ಕಾಲಘಟ್ಟಗಳಲ್ಲಿ ನೋಡುತ್ತಾರೆ. ಮೊದಲ ತಿಂಗಳಲ್ಲಿ ನಾಳ ಮುಚ್ಚಿದರೆ ಕಾರಣ ರಕ್ತದ ಹೆಪ್ಪು. ನಾಳದ ಒಳಮೈಯಲ್ಲಿ ಒಂದೇ ಪದರದ ಸೂಕ್ಷ್ಮ ಜೀವಕೋಶಗಳ ಹಾಸು ಇರುತ್ತದೆ. ರಕ್ತ ಅಂಟದಂತೆ ನೋಡಿಕೊಳ್ಳುವುದು ಅದರ ಕೆಲಸ. ಕಾಲಿನಿಂದ ಕಿತ್ತು, ಹಿಗ್ಗಿಸಿ, ಹೊಲಿಯುವಾಗ ಅದು ಸುಲಿದುಹೋದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೊಲಿಗೆಯ ಬಳಿ ನಾಳ ತಿರುಚಿಕೊಂಡಿದ್ದರೆ, ಮಡಚಿಕೊಂಡಿದ್ದರೆ, ಅಥವಾ ನಾಳ ಅಗಲವಾಗಿದ್ದು ಮುಂದಿನ ಪರಿಧಮನಿ ಬಹಳ ಕಿರಿದಾಗಿದ್ದರೆ ಹರಿವು ಮಂದವಾಗಿ ಹೆಪ್ಪಿಗೆ ಇನ್ನಷ್ಟು ಅನುಕೂಲ.

ಎರಡನೆಯ ಘಟ್ಟ ಮೊದಲ ವರ್ಷದ್ದು. ಹೊಸ ಒತ್ತಡಕ್ಕೆ ಒಡ್ಡಿಕೊಂಡ ಗೋಡೆ ತನ್ನನ್ನು ಬಲಪಡಿಸಿಕೊಳ್ಳಲು ಯತ್ನಿಸುತ್ತದೆ. ನಡುಪದರದ ಸ್ನಾಯುಕೋಶಗಳು ಒಳಪದರಕ್ಕೆ ವಲಸೆ ಬಂದು ಅಲ್ಲಿ ವೃದ್ಧಿಯಾಗುತ್ತವೆ. ಗಾಯ ಮಾಯುವಾಗ ಚರ್ಮ ದಡ್ಡುಗಟ್ಟುವಂತೆ ನಾಳದ ಒಳಗೋಡೆ ದಪ್ಪವಾಗುತ್ತದೆ. ಒಂದು ಮಿತಿಯವರೆಗೆ ಇದು ಹೊಂದಾಣಿಕೆ. ಮಿತಿ ಮೀರಿದರೆ ದಾರಿ ಕಿರಿದಾಗುತ್ತದೆ. ಇದನ್ನು ಔಷಧದಿಂದ ತಡೆಯಬಹುದೆಂಬ ಆಸೆಯಿಂದ ಅಮೆರಿಕದಲ್ಲಿ ಸುಮಾರು 3,000 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2005ರಲ್ಲಿ ಹೊರಬಂತು. ನಾಳವನ್ನು ಹೊಲಿಯುವ ಮೊದಲು ವಿಶೇಷ ದ್ರಾವಣದಲ್ಲಿ ಅದ್ದುವುದು ಆ ವಿಧಾನ. ಔಷಧ ಫಲ ಕೊಡಲಿಲ್ಲ. ಆದರೆ ಆ ಪ್ರಯೋಗ ಮತ್ತೊಂದು ಸತ್ಯವನ್ನು ಬಯಲಿಗೆಳೆಯಿತು: ವರ್ಷ, ಒಂದೂವರೆ ವರ್ಷದ ಬಳಿಕ ಆಂಜಿಯೋಗ್ರಾಂ ಮಾಡಿಸಿಕೊಂಡವರ ಪೈಕಿ ಶೇ. 45ರಷ್ಟು ಮಂದಿಯಲ್ಲಿ ಕನಿಷ್ಠ ಒಂದು ಕಾಲಿನ ನಾಳ ಸೋತಿತ್ತು. ಅವರಲ್ಲಿ ಎಲ್ಲರಿಗೂ ಎದೆನೋವು ಇರಲಿಲ್ಲ. ಪರೀಕ್ಷಿಸದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಮುಚ್ಚಿದ ಪ್ರತಿ ನಾಳವೂ ಅಪಾಯದ ಗಂಟೆಯಲ್ಲ. ಮೂಲ ಪರಿಧಮನಿಯಲ್ಲಿ ಅಡಚಣೆ ಅಷ್ಟೇನೂ ತೀವ್ರವಲ್ಲದಿದ್ದರೆ ರಕ್ತ ಹಳೆಯ ಹಾದಿಯಲ್ಲೇ ಹರಿಯುತ್ತದೆ. ಬಳಕೆಯಿಲ್ಲದ ಹೊಸ ಹಾದಿ ತಾನಾಗಿ ಮುಚ್ಚುತ್ತದೆ. ಅಂಥಲ್ಲಿ ಕಸಿಯ ಅಗತ್ಯವೇ ಇತ್ತೇ ಎಂಬ ಪ್ರಶ್ನೆ ಏಳುತ್ತದೆ. ಎಷ್ಟು ಬೈಪಾಸ್ ಹಾಕಿದರೆಂಬ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ರೂಢಿ ನಮ್ಮಲ್ಲಿದೆ. ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಹೃದಯಕ್ಕೆ ರಕ್ಷಣೆ ಹೆಚ್ಚಾಗುವುದಿಲ್ಲ.

ಮೂರನೆಯ ಘಟ್ಟವೇ ದೀರ್ಘ. ವರ್ಷ ಕಳೆದ ನಂತರ, ದಪ್ಪಗಟ್ಟಿದ ಆ ಒಳಪದರದಲ್ಲಿ ಕೊಬ್ಬು ಸೇರತೊಡಗುತ್ತದೆ. ಮೂಲ ಪರಿಧಮನಿಯಲ್ಲಿ ನಲವತ್ತು ಐವತ್ತು ವರ್ಷ ತೆಗೆದುಕೊಂಡ ಕಾಯಿಲೆ ಕಸಿನಾಳದಲ್ಲಿ ಹತ್ತರೊಳಗೇ ಆಗಿಬಿಡುತ್ತದೆ. ಅದೂ ಒಂದೆಡೆ ಗಟ್ಟಿಯಾಗಿ ನಿಲ್ಲದೆ ಉದ್ದಕ್ಕೂ ಹರಡಿ, ಮೆತ್ತಗೆ, ಪುಡಿಪುಡಿಯಾಗಿರುತ್ತದೆ. ಅಂಥ ನಾಳದಲ್ಲಿ ಬಲೂನು ಹಿಗ್ಗಿಸಿದರೆ ಪುಡಿ ಕಳಚಿ ಮುಂದೆ ಹೋಗಿ ಸಣ್ಣ ನಾಳಗಳನ್ನು ಮುಚ್ಚುವ ಭಯ. ಕ್ಲಿಂಟನ್ ಅವರ ವೈದ್ಯರು ಕಸಿನಾಳವನ್ನು ಬಿಟ್ಟು ಹಳೆಯ ನಾಳವನ್ನು ತೆರೆಯಲು ಹೊರಟದ್ದರ ಹಿಂದಿನ ತರ್ಕ ಇದರಿಂದ ಅರ್ಥವಾಗುತ್ತದೆ.

ಶಸ್ತ್ರವೈದ್ಯರ ಕೈಯಲ್ಲಿರುವುದು

ಹಾಗಿದ್ದ ಮೇಲೆ ಕಾಲಿನ ನಾಳವನ್ನು ಬಳಸುವುದಾದರೂ ಏಕೆ? ಇತಿಹಾಸ ಇದಕ್ಕೆ ಸ್ವಲ್ಪ ಉತ್ತರ ಕೊಡುತ್ತದೆ. 1948ರಲ್ಲಿ ಪ್ಯಾರಿಸಿನ ಜಾನ್ ಕುನ್ಲಿನ್ ಕಾಲಿನ ಅಪಧಮನಿಯ ಅಡಚಣೆಗೆ ಅದೇ ಕಾಲಿನ ಅಭಿಧಮನಿಯಿಂದ ಬೈಪಾಸ್ ಮಾಡಿದರು. 1964ರಲ್ಲಿ ಲೆನಿನ್‌ಗ್ರಾಡಿನ ವಸಿಲಿ ಕೊಲೆಸೊವ್ ಎದೆಯ ಅಪಧಮನಿಯನ್ನೇ ಹೃದಯಕ್ಕೆ ಹೊಲಿದರು. ಆಗ ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಅರ್ಜೆಂಟೀನಾದ ರೆನೆ ಫಾವಲೊರೊ ಕಾಲಿನ ನಾಳದಿಂದ ಮಾಡಿದ ಬೈಪಾಸ್ ಮಾತ್ರ ಜಗತ್ತಿನಾದ್ಯಂತ ಹರಡಿತು. ಕಾರಣ ಸರಳ: ಆ ನಾಳ ಉದ್ದವಾಗಿದೆ, ತೆಗೆಯಲು ಸುಲಭ, ಹೊಲಿಯಲು ಸುಲಭ, ಮೂರು ನಾಲ್ಕು ಕಸಿಗೆ ಸಾಲುವಷ್ಟು ಸಿಗುತ್ತದೆ.

ಭಾರತದ ಮೊದಲ ಬೈಪಾಸ್ ಶಸ್ತ್ರಚಿಕಿತ್ಸೆ 1975ರಲ್ಲಿ ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ನಡೆಯಿತು. ಅದನ್ನು ಮಾಡಿದ ಡಾ. ಕೆ.ಎಂ. ಚೆರಿಯನ್ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಹಳೆಯ ವಿದ್ಯಾರ್ಥಿ ಎಂಬುದು ಈ ಜಿಲ್ಲೆಯಲ್ಲಿ ಹೆಚ್ಚಿನವರಿಗೆ ನೆನಪಿಲ್ಲ. ಅವರು 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಿಧನರಾದಾಗ ಕರಾವಳಿಯಲ್ಲಿ ಅದು ದೊಡ್ಡ ಸುದ್ದಿಯಾಗಲಿಲ್ಲ.

1986ರಲ್ಲಿ ಕ್ಲೀವ್‌ಲ್ಯಾಂಡಿನಿಂದಲೇ ಬಂದ ಅಧ್ಯಯನ, ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಎದೆಯ ಎಡ ಅಪಧಮನಿಯನ್ನು ಜೋಡಿಸಿದವರು ಹತ್ತು ವರ್ಷಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದಿರುವುದನ್ನು ತೋರಿಸಿತು. ಅಂದಿನಿಂದ ಆ ಒಂದು ಕಸಿಯ ಬಗ್ಗೆ ಬಹುಮಟ್ಟಿಗೆ ಒಮ್ಮತವಿದೆ. ಉಳಿದ ಕಸಿಗಳಿಗೆ ಇಂದಿಗೂ ಹೆಚ್ಚಾಗಿ ಕಾಲಿನ ನಾಳವೇ ಗತಿ. ಎದೆಯ ಎರಡೂ ಬದಿಯ ಅಪಧಮನಿಗಳನ್ನು ಬಳಸಬಹುದು. ಆದರೆ ಮಧುಮೇಹಿಗಳಲ್ಲಿ ಎದೆಮೂಳೆ ಸರಿಯಾಗಿ ಕೂಡದೆ ಸೋಂಕಾಗುವ ಅಪಾಯವಿದೆ, ಮತ್ತು ನಮ್ಮ ಬೈಪಾಸ್ ರೋಗಿಗಳಲ್ಲಿ ಮಧುಮೇಹಿಗಳೇ ಬಹಳ. ಮುಂಗೈಯ ಅಪಧಮನಿ ಇನ್ನೊಂದು ಆಯ್ಕೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಅದು ಐದು ವರ್ಷಗಳ ಅವಧಿಯಲ್ಲಿ ಕಾಲಿನ ನಾಳಕ್ಕಿಂತ ಮೇಲೆಂದು ಕಂಡುಬಂತು. ಇದರಲ್ಲೊಂದು ವಿಪರ್ಯಾಸವಿದೆ. ಈಗ ಆಂಜಿಯೋಗ್ರಾಂಗಳನ್ನು ಹೆಚ್ಚಾಗಿ ಮುಂಗೈಯ ಅದೇ ನಾಳದ ಮೂಲಕ ಮಾಡುತ್ತಾರೆ. ತೊಡೆಸಂದಿಗಿಂತ ರೋಗಿಗೆ ಅದು ಹಿತ, ನಿಜವೇ. ಆದರೆ ತಂತಿ ತೂರಿಸಿದ ಆ ನಾಳ ಮುಂದೆ ಕಸಿಗೆ ಯೋಗ್ಯವಾಗಿ ಉಳಿಯುವುದಿಲ್ಲ. ಇನ್ನೊಂದು ಕೈಯನ್ನಾದರೂ ಕಾಯ್ದಿಡುವ ಮುಂಧೋರಣೆ ಎಲ್ಲ ಕಡೆ ಇದೆಯೆನ್ನುವಂತಿಲ್ಲ.

ಕಾಲಿನ ನಾಳವನ್ನೇ ಬಳಸುವುದಾದರೂ ಅದನ್ನು ಹೇಗೆ ತೆಗೆಯಲಾಯಿತು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಸುತ್ತಲಿನ ಕೊಬ್ಬನ್ನೆಲ್ಲ ಸುಲಿದು, ಸೋರಿಕೆ ನೋಡಲು ಸಿರಿಂಜಿನಿಂದ ಜೋರಾಗಿ ದ್ರವ ತುಂಬಿ ಹಿಗ್ಗಿಸುವುದು ಹಳೆಯ ರೂಢಿ. ಆ ಒಂದೆರಡು ನಿಮಿಷಗಳಲ್ಲಿ ನಾಳ ತನ್ನ ಆಯುಷ್ಯದಲ್ಲಿ ಕಾಣದ ಒತ್ತಡ ಕಾಣುತ್ತದೆ. ನಾಳದ ಗೋಡೆಗೇ ರಕ್ತ ಪೂರೈಸುವ ಹೊರಪದರದ ಸೂಕ್ಷ್ಮನಾಳಗಳು ಕೊಬ್ಬಿನೊಂದಿಗೆ ಕಿತ್ತುಹೋಗುತ್ತವೆ. ಸ್ವೀಡನ್ನಿನ ಒರೆಬ್ರೊದಲ್ಲಿ ಡೊಮಿಂಗೊಸ್ ಸೋಜಾ 1990ರ ದಶಕದಲ್ಲಿ ಕೊಬ್ಬಿನ ಸಮೇತ, ಹಿಗ್ಗಿಸದೆ, ಮುಟ್ಟಿದರೂ ಮುಟ್ಟದಂತೆ ನಾಳ ತೆಗೆಯುವ ವಿಧಾನವನ್ನು ರೂಢಿಗೆ ತಂದರು. ಅವರ ತಂಡದ ವರದಿಯಂತೆ 16 ವರ್ಷಗಳ ಬಳಿಕ ಇಂಥ ನಾಳಗಳಲ್ಲಿ ಶೇ. 83 ತೆರೆದಿದ್ದವು, ಹಳೆಯ ರೀತಿಯವು ಶೇ. 64. 2021ರಲ್ಲಿ ಚೀನಾದ ದೊಡ್ಡ ಪ್ರಯೋಗವೂ ಇದನ್ನು ಬೆಂಬಲಿಸಿತು. ಆದರೆ 2024ರಲ್ಲಿ ಬಂದ ಸ್ವೀಡನ್ ನೇತೃತ್ವದ ಪ್ರಯೋಗದಲ್ಲಿ ಎರಡು ವರ್ಷಗಳ ಕೊನೆಗೆ ಸ್ಪಷ್ಟ ಲಾಭ ಕಾಣಲಿಲ್ಲ. ಕಾಲಿನ ಗಾಯ ಮಾಯುವ ತೊಂದರೆ ಮಾತ್ರ ಹೆಚ್ಚಾಗಿತ್ತು. ಕಾಲಿನಲ್ಲಿ ಸಣ್ಣ ರಂಧ್ರ ಮಾಡಿ ದುರ್ಬೀನಿನ ಮೂಲಕ ನಾಳ ಎಳೆಯುವ ವಿಧಾನದ ಬಗ್ಗೆಯೂ ಹೀಗೇ ಎರಡು ಅಭಿಪ್ರಾಯಗಳಿದ್ದವು. ಅದು ನಾಳಕ್ಕೆ ಕೆಡುಕೆಂದು 2009ರ ವಿಶ್ಲೇಷಣೆ ಹೇಳಿತು. ನುರಿತ ಕೈಗಳಲ್ಲಿ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲವೆಂದು 2019ರ ಪ್ರಯೋಗ ಹೇಳಿತು. ನಾಳ ತೆಗೆಯುವ ಕೆಲಸವನ್ನು ಬಹಳ ಕಡೆ ತಂಡದ ಕಿರಿಯರಿಗೆ ವಹಿಸುವುದುಂಟು. ಎದೆಯಲ್ಲಿನ ಹೊಲಿಗೆಗೆ ಇರುವ ಮರ್ಯಾದೆ ಕಾಲಿನಲ್ಲಿನ ಕೆಲಸಕ್ಕೆ ಇಲ್ಲದಿರುವುದು ಸರಿಯಲ್ಲವೆಂದು ಈ ಅಧ್ಯಯನಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಹೇಳುತ್ತಿವೆ.

ಮನೆಗೆ ಬಂದ ಮೇಲೆ

ಇಷ್ಟೆಲ್ಲ ಶಸ್ತ್ರವೈದ್ಯರ ಪಾಲಿನದು. ಆದರೆ ಮೂರನೆಯ ಘಟ್ಟದ ಹತ್ತು ಹದಿನೈದು ವರ್ಷಗಳು ನಡೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಕಸಿನಾಳದ ಹಣೆಬರಹ ಹೆಚ್ಚಾಗಿ ನಿರ್ಧಾರವಾಗುವುದೂ ಅಲ್ಲಿಯೇ.

ಬೈಪಾಸ್ ಆದವರಿಗೆ ಆಸ್ಪಿರಿನ್ ಜೀವನಪರ್ಯಂತ ಅಗತ್ಯ. ಶಸ್ತ್ರಚಿಕಿತ್ಸೆಯಾದ 48 ಗಂಟೆಗಳೊಳಗೆ ಆಸ್ಪಿರಿನ್ ಪಡೆದವರಲ್ಲಿ ಸಾವಿನ ಪ್ರಮಾಣ ಶೇ. 1.3, ಪಡೆಯದವರಲ್ಲಿ ಶೇ. 4 ಎಂದು ಸುಮಾರು 5,000 ರೋಗಿಗಳನ್ನು ಗಮನಿಸಿದ 2002ರ ವರದಿ ತಿಳಿಸಿತ್ತು. ಎರಡನೆಯದು ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ. 1997ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಕೆಟ್ಟ ಕೊಲೆಸ್ಟರಾಲನ್ನು 100ಕ್ಕಿಂತ ಕೆಳಗಿಳಿಸಿದವರ ಗುಂಪಿನಲ್ಲಿ ಶೇ. 27 ಕಸಿನಾಳಗಳಲ್ಲಿ ಕಾಯಿಲೆ ಮುಂದುವರಿದಿದ್ದರೆ, ಸಾಧಾರಣವಾಗಿ ಇಳಿಸಿದವರಲ್ಲಿ ಅದು ಶೇ. 39 ಆಗಿತ್ತು. ಈಗಿನ ಮಾರ್ಗಸೂಚಿಗಳು 70ಕ್ಕೂ ಕೆಳಗೆ, ಕೆಲವು 55ಕ್ಕೂ ಕೆಳಗೆ ಇಳಿಸಬೇಕೆನ್ನುತ್ತವೆ. ಇವುಗಳ ಜೊತೆಗೆ ರಕ್ತದೊತ್ತಡ, ಸಕ್ಕರೆಗಳ ಹತೋಟಿ. ಹಾಗೂ ತಂಬಾಕು. ಮನೆಮನೆಯಲ್ಲಿ ಬೀಡಿ ಕಟ್ಟಿ ಸಂಸಾರ ಸಾಗಿಸಿದ ಈ ಜಿಲ್ಲೆಗಳಲ್ಲಿ ಬೀಡಿಯನ್ನು ಬರೀ ಕೆಟ್ಟ ಚಟವೆಂದು ಮಾತ್ರ ನೋಡಲಾಗುವುದಿಲ್ಲ, ಅದು ಎಷ್ಟೋ ಮಕ್ಕಳ ಶಾಲೆಯ ಶುಲ್ಕವೂ ಹೌದು. ಆದರೆ ಬೈಪಾಸ್ ಆದ ನಂತರ ಮುಂದುವರಿಸಿದ ಬೀಡಿ, ಸಿಗರೇಟುಗಳು ಕಸಿನಾಳಕ್ಕೆ ನೇರ ಶತ್ರು.

‘ಆಪರೇಷನ್ ಆಯ್ತಲ್ಲ ಡಾಕ್ಟ್ರೇ, ಇನ್ನೂ ಮಾತ್ರೆ ಯಾಕೆ?’ ಎಂಬ ಪ್ರಶ್ನೆ ಈ ಪರಿಸರದ ಚಿಕಿತ್ಸಾಲಯಗಳಿಗೆ ಹೊಸದೇನೂ ಅಲ್ಲ. ಪ್ರಶ್ನೆ ಕೇಳುವವರಲ್ಲಿ ತಪ್ಪಿಲ್ಲ. ಎದೆ ತೆರೆದು ರಿಪೇರಿ ಮಾಡಿದ ಮೇಲೆ ಕಾಯಿಲೆ ಹೋಯಿತೆಂದು ಭಾವಿಸುವುದು ಸಹಜ. ನೋವು ನಿಂತಿರುತ್ತದೆ, ಏಣಿ ಹತ್ತಲು ಆಗುತ್ತದೆ, ತೋಟಕ್ಕೆ ಇಳಿಯಲು ಆಗುತ್ತದೆ. ಇದರ ಮೇಲೆ ಸ್ಟಾಟಿನ್ ಯಕೃತ್ತನ್ನು ಹಾಳುಮಾಡುತ್ತದೆ, ಮರೆವು ತರುತ್ತದೆ ಎಂಬ ವಾಟ್ಸಾಪ್ ಸಂದೇಶಗಳು. ಬ್ಲಾಕ್ ಕರಗಿಸುತ್ತೇವೆಂಬ ಜಾಹೀರಾತುಗಳು. ಮಾತ್ರೆ ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲ ಎಂಬುದೇ ದೊಡ್ಡ ಅಪಾಯ. ಆಗುವುದು ಐದಾರು ವರ್ಷದ ಮೇಲೆ, ಅಷ್ಟರಲ್ಲಿ ಕಾರಣ ಯಾರಿಗೂ ನೆನಪಿರುವುದಿಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡ, 17 ದೇಶಗಳ ‘ಪ್ಯೂರ್’ ಅಧ್ಯಯನ 2011ರಲ್ಲಿ ಹೊರಗೆಡವಿದ ಚಿತ್ರ ಇನ್ನೂ ಕಠೋರ. ಭಾರತವನ್ನೂ ಸೇರಿಸಿದ್ದ ಬಡ ದೇಶಗಳ ಗುಂಪಿನಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರ ಪೈಕಿ ಶೇ. 80 ಮಂದಿ ರುಜುವಾತಾದ ಒಂದು ಔಷಧವನ್ನೂ ಸೇವಿಸುತ್ತಿರಲಿಲ್ಲ. ಸ್ಟಾಟಿನ್ ಸೇವಿಸುತ್ತಿದ್ದವರು ನೂರರಲ್ಲಿ ಮೂರೋ ನಾಲ್ಕೋ. ಹದಿನಾಲ್ಕು ವರ್ಷಗಳಲ್ಲಿ ಪರಿಸ್ಥಿತಿ ಸುಧಾರಿಸಿದೆಯೆಂದು ಭಾವಿಸಿದರೂ ಅಂತರ ಎಷ್ಟು ದೊಡ್ಡದಿತ್ತೆಂಬುದು ಗಮನಾರ್ಹ.

ಕತ್ತರಿಗೆ ಹಣ, ಮಾತ್ರೆಗೆ?

ಸರ್ಕಾರದ ನೀತಿಯ ಪ್ರಶ್ನೆ ಬರುವುದು ಇಲ್ಲಿ. ಬಡವರಿಗೆ ಬೈಪಾಸ್ ದೊರಕಿಸುವುದರಲ್ಲಿ ಕರ್ನಾಟಕದ ಸಾಧನೆ ಸಣ್ಣದಲ್ಲ. ಕಿನ್ನಿಗೋಳಿ ಮೂಲದ ಡಾ. ದೇವಿ ಶೆಟ್ಟಿಯವರ ಚಿಂತನೆಯಲ್ಲಿ ಮೂಡಿದ ಯಶಸ್ವಿನಿ ಯೋಜನೆ 2003ರಲ್ಲಿ ಸಹಕಾರಿ ಸಂಘಗಳ ರೈತಸದಸ್ಯರಿಗೆ ತಿಂಗಳಿಗೆ ಕೇವಲ 5 ರೂಪಾಯಿ ವಂತಿಗೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಯನ್ನೂ ಒದಗಿಸಿತು. ಹಾಲಿನ ಸೊಸೈಟಿಯ ಸದಸ್ಯನೊಬ್ಬ ಜಮೀನು ಅಡವಿಡದೆ ಬೈಪಾಸ್ ಮಾಡಿಸಿಕೊಳ್ಳುವುದು ಆಗ ಪವಾಡದಂತೆ ಕಂಡಿತ್ತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ ಬಂದವು. ಆರೋಗ್ಯ ಕರ್ನಾಟಕವನ್ನು ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ಬೆಸೆಯಲಾಯಿತು. 2018ರಲ್ಲಿ ನಿಂತ ಯಶಸ್ವಿನಿಗೂ 2022-23ರಲ್ಲಿ ಮರುಜೀವ ಸಿಕ್ಕಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇಂದು ಲಭ್ಯ.

ಆದರೆ ಈ ಎಲ್ಲ ಯೋಜನೆಗಳ ಕಣ್ಣಿರುವುದು ಆಸ್ಪತ್ರೆಯ ಹಾಸಿಗೆಯ ಮೇಲೆ. ಆಯುಷ್ಮಾನ್ ಭಾರತದ ರಾಷ್ಟ್ರೀಯ ನಿಯಮದ ಪ್ರಕಾರ ಬಿಡುಗಡೆಯ ನಂತರದ 15 ದಿನಗಳ ಔಷಧ ಮತ್ತು ಆರೈಕೆ ಯೋಜನೆಯ ವ್ಯಾಪ್ತಿಗೆ ಬರುತ್ತದೆ. ಕಸಿನಾಳಕ್ಕೆ ಬೇಕಾದ ಕಾವಲು 15 ದಿನಗಳದ್ದಲ್ಲ, 15 ವರ್ಷಗಳದ್ದು. ಲಕ್ಷಾಂತರ ರೂಪಾಯಿ ವ್ಯಯಿಸಿ ಹಾಕಿದ ಹಾದಿಯ ನಿರ್ವಹಣೆಗೆ ಹಣವಿಲ್ಲದಿದ್ದರೆ ಏನಾಗುತ್ತದೆಂದು ಲೋಕೋಪಯೋಗಿ ಇಲಾಖೆಯ ರಸ್ತೆಗಳನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಮತ್ತೆ ಹೃದಯಾಘಾತವಾಗಿ, ಮತ್ತೆ ಆಂಜಿಯೋಪ್ಲಾಸ್ಟಿಗೆ ದಾಖಲಾದರೆ ಯೋಜನೆ ಮತ್ತೆ ಹಣ ಕೊಡುತ್ತದೆ. ತಡೆಯಲು ಕೊಡುವುದಿಲ್ಲ, ಆದ ಮೇಲೆ ಕೊಡುತ್ತದೆ.

ವಿಚಿತ್ರವೆಂದರೆ ಮಾತ್ರೆಗಳು ದುಬಾರಿಯೇನಲ್ಲ. 75 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆಯೊಂದಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ. ಆಸ್ಪಿರಿನ್, ಅಟೊರ್ವಾಸ್ಟಾಟಿನ್ ಎರಡೂ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವುದು ಬೇರೆ, ತಿಂಗಳು ತಿಂಗಳು ತಪ್ಪದೆ ಆರೋಗ್ಯ ಕೇಂದ್ರದ ಕಪಾಟಿನಲ್ಲಿರುವುದು ಬೇರೆ. ಜನೌಷಧಿ ಕೇಂದ್ರಗಳು ಈ ಕೊರತೆಯನ್ನು ಸ್ವಲ್ಪ ತುಂಬುತ್ತಿದ್ದವು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿನ ಜನೌಷಧಿ ಮಳಿಗೆಗಳನ್ನು ಮುಚ್ಚಲು ಆದೇಶಿಸಿತು. ಆಸ್ಪತ್ರೆಯೊಳಗೆ ಔಷಧವನ್ನು ಉಚಿತವಾಗಿಯೇ ಕೊಡುವಾಗ ಮಾರಾಟದ ಮಳಿಗೆ ಏಕೆ ಎಂಬುದು ಸರ್ಕಾರದ ವಾದ. ವಾದ ತೂಕದ್ದೇ, ಆದರೆ ಒಳಗಿನ ಉಚಿತ ವಿತರಣೆ ಎಂದೂ ತಪ್ಪದಿದ್ದರೆ ಮಾತ್ರ. ವಿವಾದ ಹೈಕೋರ್ಟಿನ ಮೆಟ್ಟಿಲೇರಿತು.

ಮನೆಬಾಗಿಲಿಗೆ ಹೋಗಿ ರಕ್ತದೊತ್ತಡ, ಮಧುಮೇಹಗಳನ್ನು ಪತ್ತೆಹಚ್ಚಿ ಮಾತ್ರೆ ಕೊಡುವ ‘ಗೃಹ ಆರೋಗ್ಯ’ ಯೋಜನೆಯನ್ನು ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿ ಬಳಿಕ ವಿಸ್ತರಿಸಿದೆ. ಅದೇ ಕಾರ್ಯಕರ್ತೆಯರ ಪಟ್ಟಿಯಲ್ಲಿ ಬೈಪಾಸ್ ಆದವರ, ಸ್ಟೆಂಟ್ ಹಾಕಿಸಿಕೊಂಡವರ ಹೆಸರನ್ನೂ ಸೇರಿಸಿ, ಆಸ್ಪಿರಿನ್ ಮತ್ತು ಸ್ಟಾಟಿನ್ ತಲುಪಿಸುವುದಕ್ಕೆ ಹೊಸ ಇಲಾಖೆಯೇನೂ ಬೇಡ. ಇದು ಸಾಧ್ಯವೆಂಬುದಕ್ಕೆ ದೇಶದಲ್ಲೇ ಪುರಾವೆಯಿದೆ. ಸೇಂಟ್ ಜಾನ್ಸ್ ತಂಡದ ಮುಂದಾಳತ್ವದಲ್ಲಿ ದೇಶದ 14 ಆಸ್ಪತ್ರೆಗಳ ಸುಮಾರು 800 ಹೃದ್ರೋಗಿಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಮನೆಗೆ ಭೇಟಿಯಿತ್ತು ತಿಳಿಹೇಳಿದ ಗುಂಪಿನಲ್ಲಿ ವರ್ಷದ ಬಳಿಕವೂ ಮಾತ್ರೆ ತಪ್ಪಿಸದವರು ಶೇ. 97, ಉಳಿದವರಲ್ಲಿ ಶೇ. 92. ಕರಾವಳಿಯಲ್ಲಿ ಜಯದೇವದಂತಹ ಸರ್ಕಾರಿ ಹೃದ್ರೋಗ ಸಂಸ್ಥೆ ಇಲ್ಲ. ಬೈಪಾಸ್‌ಗಾಗಿ ಜನ ಬಹುತೇಕ ಖಾಸಗಿ ಹಾಗೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳನ್ನೇ ನೆಚ್ಚಿದ್ದಾರೆ. ಹೀಗಾಗಿ ಅಲ್ಲಿ ಶಸ್ತ್ರಚಿಕಿತ್ಸೆಯಾದವರ ಮಾಹಿತಿ ಊರಿನ ಆರೋಗ್ಯ ಕೇಂದ್ರಕ್ಕೆ ತಾನಾಗಿ ಹರಿದುಬರುವುದಿಲ್ಲ. ಅದಕ್ಕೊಂದು ಏರ್ಪಾಡು ಬೇಕು.

ಕಾಗದದ ಮಾತೂ ಒಂದಿದೆ. ಈ ಭಾಗದ ಅನೇಕರು ದುಡಿಮೆಯ ವರ್ಷಗಳನ್ನು ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಕಳೆದು, ಅಲ್ಲೇ ಬೈಪಾಸ್ ಮಾಡಿಸಿಕೊಂಡು, ನಿವೃತ್ತಿಯ ನಂತರ ಊರಿಗೆ ಮರಳಿದವರು. ಹತ್ತು ವರ್ಷದ ಮೇಲೆ ಮಣಿಪಾಲದಲ್ಲಿ ಆಂಜಿಯೋಗ್ರಾಂ ಮಾಡುವ ವೈದ್ಯರಿಗೆ ಯಾವ ಕಸಿ ಎಲ್ಲಿಂದ ಹೊರಟು ಯಾವ ಪರಿಧಮನಿಗೆ ಸೇರಿದೆ, ಅದು ಕಾಲಿನದೋ ಎದೆಯದೋ ಕೈಯದೋ ಎಂಬುದು ಮೊದಲು ಗೊತ್ತಾಗಬೇಕು. ಗೊತ್ತಿಲ್ಲದಿದ್ದರೆ ಮಹಾಪಧಮನಿಯ ಗೋಡೆಯಲ್ಲಿ ತಡಕಾಡುತ್ತ ಹುಡುಕಬೇಕು. ಅದಕ್ಕೆ ಹೆಚ್ಚು ಸಮಯ, ಮೂತ್ರಪಿಂಡಕ್ಕೆ ಭಾರವಾಗುವ ಹೆಚ್ಚು ಬಣ್ಣದ ದ್ರವ. ಇದನ್ನೆಲ್ಲ ತಿಳಿಸುವುದು ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಒಂದೇ ಒಂದು ಹಾಳೆ. ಅದು ಮುಂಬಯಿಯ ಹಳೆಯ ಬಾಡಿಗೆ ಮನೆಯ ಕಪಾಟಿನಲ್ಲಿ ಉಳಿದಿರುತ್ತದೆ, ಇಲ್ಲವೇ ಮಳೆಗಾಲದ ತೇವಕ್ಕೆ ಅಂಟಿಹೋಗಿರುತ್ತದೆ. ಬೈಪಾಸ್ ಆದ ಪ್ರತಿಯೊಬ್ಬರೂ ಆ ಹಾಳೆಯ ಪ್ರತಿಯೊಂದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳುವುದಕ್ಕೂ, ಮನೆಮಂದಿಯ ಫೋನಿನಲ್ಲಿ ಅದರ ಚಿತ್ರವೊಂದನ್ನು ತೆಗೆದಿಡುವುದಕ್ಕೂ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.